ಎಂಎಸ್‌ಗೆ ಫಿಸಿಯೋಥೆರಪಿ ಊರಿಂದ ಊರಿಗೆ ಯಾಕೆ ಬೇರೆ? ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಲಕ್ವ ಹೊಡೆದವರು, ಮಂಡಿ ನೋವಿನವರು ಜಾಸ್ತಿ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ ಇರುವವರು ಕಡಿಮೆ. ಆದರೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಲು ಅರ್ಧ ಗಂಟೆ ಸಾಲದು. ಪಾವಗಡದಿಂದ, ಕುಣಿಗಲ್‌ನಿಂದ, ಶಿರಾದಿಂದ ಬಸ್ ಹಿಡಿದು ಬಂದು, ಮತ್ತೆ ಬಸ್ ಹಿಡಿಯುವ ಆತುರದಲ್ಲಿ ಅರ್ಧ ಮಾತು ಅಲ್ಲೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಔಷಧಿ, ಇಂಜೆಕ್ಷನ್ ವಿಷಯ ನಿಮ್ಮ ನರರೋಗ ಡಾಕ್ಟರ್ ಹೇಳಿದ್ದೇ ಸರಿ. ನಾನು ವ್ಯಾಯಾಮ, ನಡಿಗೆ, ದಿನದ ಓಡಾಟದ ಬಗ್ಗೆ ಮಾತ್ರ ಹೇಳುತ್ತೇನೆ.

ಎಂಎಸ್ ಅಂದರೆ ಲಕ್ವಾನಾ?

ಅಲ್ಲ. ಲಕ್ವದಲ್ಲಿ ಮೆದುಳಿಗೆ ಹೋಗುವ ರಕ್ತ ಕಟ್ಟಿಕೊಳ್ಳುತ್ತದೆ, ಇಲ್ಲವೇ ರಕ್ತನಾಳ ಒಡೆಯುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ. ಆ ಹೊದಿಕೆಗೆ ಮಯಲಿನ್ ಅನ್ನುತ್ತಾರೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಗೊತ್ತಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಜಾಸ್ತಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ನರದ ಫಿಸಿಯೋಥೆರಪಿ ಅಂದರೆ ಲಕ್ವದ ಫಿಸಿಯೋಥೆರಪಿಯೇ. ಎಲ್ಲರೂ ಕಲಿತಿರುವುದು ಅದನ್ನೇ, ದಿನಾ ಮಾಡುವುದೂ ಅದನ್ನೇ. ಲಕ್ವ ಒಂದೇ ದಿನ ಹೊಡೆದು ಆಮೇಲೆ ನಿಧಾನಕ್ಕೆ ಸುಧಾರಿಸುತ್ತದೆ. ಅಲ್ಲಿ ಬಿಡದೆ ಮಾಡಿಸಿದಷ್ಟೂ ಒಳ್ಳೆಯದು. ಎಂಎಸ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಲಕ್ವದ ವ್ಯಾಯಾಮದ ಚೀಟಿಯನ್ನೇ ಎಂಎಸ್ ಇರುವವರ ಕೈಗೆ ಕೊಟ್ಟರೆ ಅವರು ಎರಡೇ ವಾರದಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ನಮ್ಮ ಕಡೆ ಈ ಕಾಯಿಲೆ ಇಲ್ಲವೇ ಇಲ್ಲ ಅಂತಾರಲ್ಲ?

ಕಡಿಮೆ ಇದೆ, ಇಲ್ಲ ಅಂತಲ್ಲ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಂಎಸ್ ಜಾಸ್ತಿ ಕಾಣುತ್ತದೆ. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಲಕ್ಷಕ್ಕೆ 400ರಷ್ಟು ಜನರಿಗೆ ಇದೆ. ಜಗತ್ತಿನಲ್ಲೇ ಅತಿ ಹೆಚ್ಚು ಇರುವ ಜಾಗಗಳಲ್ಲಿ ಅದೂ ಒಂದು. ನಮ್ಮ ಮಂಗಳೂರಿನಲ್ಲಿ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರ ಲೆಕ್ಕ ಲಕ್ಷಕ್ಕೆ ಸುಮಾರು 8.

ಲಕ್ಷಕ್ಕೆ 400 ಇರುವ ಊರಿನ ಫಿಸಿಯೋಗೆ ಎಂಎಸ್ ದಿನದ ಕೆಲಸ. ಲಕ್ಷಕ್ಕೆ 8 ಇರುವ ಊರಿನಲ್ಲಿ ಒಬ್ಬ ಫಿಸಿಯೋ ವರ್ಷಕ್ಕೆ ಒಬ್ಬರನ್ನು ನೋಡಿದರೆ ಹೆಚ್ಚು. ಚಿಕಿತ್ಸೆ ಬೇರೆ ಬೇರೆಯಾಗಲು ಇದೇ ಮೊದಲ ಕಾರಣ.

ಬೆಂಗಳೂರಿನಲ್ಲಿ ಒಂದು ಹೇಳ್ತಾರೆ, ಇಲ್ಲಿ ಒಂದು ಹೇಳ್ತಾರೆ, ಯೂಟ್ಯೂಬ್‌ನಲ್ಲಿ ಮತ್ತೊಂದು. ಯಾವುದು ಸರಿ?

ಮೂರೂ ಸರಿ ಇರಬಹುದು. ಯಾವ ಊರಿಗೆ ಅಂತ ಹೇಳಿದ್ದು ಅನ್ನುವುದನ್ನು ನೋಡಬೇಕು.

ಯೂರೋಪಿನಲ್ಲಿ ರಿಮ್ಸ್ ಅಂತ ಒಂದು ಜಾಲವಿದೆ. ಎಂಎಸ್ ಇರುವವರ ಪುನಶ್ಚೇತನಕ್ಕೆ ಕೆಲಸ ಮಾಡುವವರು 1991ರಲ್ಲಿ ಕಟ್ಟಿಕೊಂಡದ್ದು. ಅಲ್ಲಿನ ಫಿಸಿಯೋಗಳು ತಮ್ಮ ತಮ್ಮ ದೇಶದಲ್ಲಿ ಎಂಎಸ್‌ಗೆ ಏನೇನು ಮಾಡಿಸುತ್ತೇವೆ ಅಂತ ಹೋಲಿಸಿ ನೋಡಿದರು. ಒಂದೇ ಹೆಸರಿನ ಚಿಕಿತ್ಸೆಯ ಒಳಗೆ ಪೂರ್ವದಲ್ಲಿ ಒಂದು, ಪಶ್ಚಿಮದಲ್ಲಿ ಒಂದು ನಡೆಯುತ್ತಿತ್ತು. ಪಕ್ಕಪಕ್ಕದ ದೇಶಗಳೇ ಹೀಗಿರುವಾಗ ಬೆಂಗಳೂರು, ತುಮಕೂರು ಬೇರೆ ಇರುವುದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಗೊಂದಲ ಅರ್ಧ ಕಡಿಮೆ ಆಗುತ್ತದೆ.

ಕೆಲವು ಬಂದದ್ದು ಕಲಿಸಿದ ಗುರುಗಳಿಂದ. ಜೆಕ್ ದೇಶದಲ್ಲಿ ವಾಕ್ಲಾವ್ ವೋಯ್ಟಾ ಎಂಬ ನರವೈದ್ಯರು ಇದ್ದರು. ಮೈಯ ಕೆಲವು ಜಾಗಗಳನ್ನು ಒತ್ತಿ, ತಾನಾಗಿ ಬರುವ ಚಲನೆಯನ್ನು ಎಬ್ಬಿಸುವ ಪದ್ಧತಿ ಅವರದು. ಆ ಭಾಗದಲ್ಲಿ ಕಲಿತವರು ಅದನ್ನು ಬಳಸುತ್ತಾರೆ. ಬರ್ಟಾ ಮತ್ತು ಕಾರೆಲ್ ಬೋಬಾತ್ ಎಂಬ ದಂಪತಿ ಲಂಡನ್ನಿನಲ್ಲಿ ಇನ್ನೊಂದು ಪದ್ಧತಿ ಬೆಳೆಸಿದರು. ನಮ್ಮ ಕಾಲೇಜುಗಳಲ್ಲೂ ಅದನ್ನು ಕಲಿಸುತ್ತಾರೆ. ಪಿಎನ್‌ಎಫ್ ಅಂತ ನಿಮ್ಮ ಫಿಸಿಯೋ ಹೇಳಿರಬಹುದು. ಕೈಕಾಲನ್ನು ಓರೆಯಾಗಿ, ತಿರುವುತ್ತಾ, ಎದುರು ಒತ್ತಡ ಕೊಟ್ಟು ಆಡಿಸುವುದು. ಅದನ್ನು 1940ರ ದಶಕದಲ್ಲಿ ಅಮೆರಿಕದ ಹರ್ಮನ್ ಕ್ಯಾಬಟ್ ಶುರು ಮಾಡಿದರು. ಹೆನ್ರಿ ಕೈಸರ್ ಎಂಬ ದೊಡ್ಡ ಉದ್ಯಮಿಯ ಮಗನಿಗೆ ಎಂಎಸ್ ಇತ್ತು. ಕ್ಯಾಬಟ್ ಅವನಿಗೆ ಚಿಕಿತ್ಸೆ ಕೊಟ್ಟರು. ಆ ತಂದೆ ದುಡ್ಡು ಹಾಕಿ ಕ್ಯಾಬಟ್ ಹೆಸರಿನಲ್ಲಿ ಸಂಸ್ಥೆಯನ್ನೇ ಕಟ್ಟಿಸಿದ. ಇವತ್ತು ತುಮಕೂರಿನ ಒಂದು ಕೋಣೆಯಲ್ಲಿ ನಾನು ಮಾಡಿಸುವ ಓರೆ ಚಲನೆಯ ಹಿಂದೆ ಮಗನ ಕಾಯಿಲೆಗೆ ಕಂಗಾಲಾದ ಒಬ್ಬ ಅಪ್ಪ ಇದ್ದಾನೆ. ಇದನ್ನು ಓದಿದ ದಿನ ನನಗೆ ತುಂಬಾ ಹೊತ್ತು ಮನಸ್ಸು ಆ ಕಡೆಯೇ ಇತ್ತು.

ಇನ್ನು ಕೆಲವು ಬಂದದ್ದು ದುಡ್ಡು ಯಾರು ಕೊಡುತ್ತಾರೆ ಅನ್ನುವುದರಿಂದ. ಡೆನ್ಮಾರ್ಕಿನಲ್ಲಿ ಡಾಕ್ಟರ್ ಚೀಟಿ ಇದ್ದರೆ ಎಂಎಸ್ ಇರುವವರಿಗೆ ಫಿಸಿಯೋಥೆರಪಿ ಉಚಿತವಾಗಿ ಸಿಗುತ್ತದೆ. ಎಂಎಸ್‌ಗೆಂದೇ ಹಾಸ್ಲೆವ್ ಮತ್ತು ರೂ ಎಂಬ ಊರುಗಳಲ್ಲಿ ಎರಡು ಆಸ್ಪತ್ರೆಗಳಿವೆ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಕೆಲವು ವಾರ ಪುನಶ್ಚೇತನ ಕೇಂದ್ರದಲ್ಲೇ ಉಳಿದು ಚಿಕಿತ್ಸೆ ಪಡೆಯುವುದು ರೂಢಿ. ಕುದುರೆ ಮೇಲೆ ಕೂರಿಸಿ ಸೊಂಟದ ಸಮತೋಲನ ಕಲಿಸುವುದೂ ಅಲ್ಲಿದೆ. ಬ್ರಿಟನ್ನಿನಲ್ಲಿ ಪಾದ ಜೋತು ಬೀಳುವವರಿಗೆ, ಹೆಜ್ಜೆ ಎತ್ತುವ ಹೊತ್ತಿಗೆ ಸರಿಯಾಗಿ ನರಕ್ಕೆ ಸಣ್ಣ ಕರೆಂಟ್ ಕೊಡುವ ಸಾಧನವನ್ನು ಬಳಸಬಹುದು ಅಂತ 2009ರಲ್ಲಿ, ಯಾವ ಚಿಕಿತ್ಸೆ ಬಳಸಬಹುದು ಅಂತ ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆ ಒಪ್ಪಿತು.

ನಮ್ಮಲ್ಲಿ ದುಡ್ಡು ಕೊಡುವವರು ನೀವೇ. ಒಂದು ಸಲಕ್ಕೆ ಇಷ್ಟು, ಆಟೋಗೆ ಇಷ್ಟು, ಜೊತೆಗೆ ಬರುವವರ ಒಂದು ದಿನದ ಕೂಲಿ ಇಷ್ಟು. ಅದಕ್ಕೆ ಇಲ್ಲಿನ ಚಿಕಿತ್ಸೆಯ ರೂಪವೂ ಬೇರೆ ಇರಲೇಬೇಕು. ಕೇಂದ್ರದಲ್ಲಿ ಕಡಿಮೆ, ಮನೆಯಲ್ಲಿ ಜಾಸ್ತಿ. ಇದನ್ನು ಬಡವರ ಚಿಕಿತ್ಸೆ ಅಂತ ನಾನು ಒಪ್ಪುವುದಿಲ್ಲ. ಮನೆಯ ಹೊಸಿಲು, ಬಚ್ಚಲು, ಜಗಲಿ ನೋಡಿ ಕಟ್ಟಿದ ವ್ಯಾಯಾಮ, ಮೂರು ವಾರ ಬೆಟ್ಟದ ಮೇಲಿನ ಕೇಂದ್ರದಲ್ಲಿ ಮಾಡಿ ಬಂದದ್ದಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ ಅಂತ ನನ್ನ ಅನುಭವ.

ವ್ಯಾಯಾಮ ಮಾಡಿದರೆ ಕಾಯಿಲೆ ಜಾಸ್ತಿ ಆಗುತ್ತಾ? ಹಿಂದೆ ಡಾಕ್ಟರೇ ಬೇಡ ಅಂದಿದ್ದರು.

ಹಿಂದೆ ಜಗತ್ತಿನಲ್ಲೆಲ್ಲ ಬೇಡ ಅಂತಲೇ ಹೇಳುತ್ತಿದ್ದರು. 1890ರಲ್ಲಿ ವಿಲ್ಹೆಲ್ಮ್ ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಒಂದು ವಿಷಯ ಗಮನಿಸಿದರು. ಕೆಲವು ಎಂಎಸ್ ರೋಗಿಗಳಿಗೆ ಶ್ರಮ ಪಟ್ಟ ಮೇಲೆ ಕಣ್ಣು ಮಂಜಾಗುತ್ತಿತ್ತು. ಅಸಲು ಕಾರಣ ಮೈ ಬಿಸಿಯಾಗುವುದು ಅಂತ ಆಮೇಲೆ ಗೊತ್ತಾಯಿತು. ಆದರೆ ಶ್ರಮವೇ ಕೆಟ್ಟದ್ದು ಅನ್ನುವ ಮಾತು ದಶಕಗಳ ಕಾಲ ಉಳಿದುಬಿಟ್ಟಿತು.

ಅದು ಬದಲಾದದ್ದು 1990ರ ದಶಕದಲ್ಲಿ. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಎಂಎಸ್ ಇರುವ 54 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನ 15 ವಾರ, ವಾರಕ್ಕೆ ಮೂರು ಸಲ, 40 ನಿಮಿಷ ಕೈಕಾಲಿನಿಂದ ಪೆಡಲ್ ತುಳಿದರು. ಅವರ ದಮ್ಮು, ಅಂದರೆ ಏದುಸಿರು ಬರದೆ ಶ್ರಮ ಪಡುವ ಶಕ್ತಿ, ಹೆಚ್ಚಿತು, ಬಲ ಹೆಚ್ಚಿತು. ಕಾಯಿಲೆ ಕೆರಳಲಿಲ್ಲ. ಅಲ್ಲಿಂದ ದಾರಿ ತಿರುಗಿತು. 2013ರ ಕೆನಡಾದ ಸಲಹೆ ನನಗೆ ಇಷ್ಟ, ಯಾಕೆಂದರೆ ಅದು ಮಾಡಲಾಗುವಂಥದ್ದು. ಸಣ್ಣ ಅಥವಾ ಮಧ್ಯಮ ತೊಂದರೆ ಇರುವವರು ವಾರಕ್ಕೆ ಎರಡು ದಿನ 30 ನಿಮಿಷ ದಮ್ಮಿನ ವ್ಯಾಯಾಮ, ಎರಡು ದಿನ ಬಲದ ವ್ಯಾಯಾಮ ಮಾಡಲಿ ಅನ್ನುತ್ತದೆ. ಆ 30 ನಿಮಿಷ ಒಂದೇ ಉಸಿರಿಗೆ ಆಗಬೇಕಿಲ್ಲ. ಐದು ನಿಮಿಷ ನಡೆದು, ಎರಡು ನಿಮಿಷ ಕೂತು, ಮತ್ತೆ ಐದು ನಿಮಿಷದಿಂದ ಶುರು ಮಾಡಿ.

ಬೇಸಿಗೆಯಲ್ಲಿ ಕಾಲೇ ಏಳುವುದಿಲ್ಲ. ಮಳೆಗಾಲದಲ್ಲಿ ಪರವಾಗಿಲ್ಲ. ಯಾಕೆ?

ನಮ್ಮ ಜಿಲ್ಲೆಯವರಿಗೆ ಇದೇ ದೊಡ್ಡ ವಿಷಯ. ಹೊದಿಕೆ ಕೆಟ್ಟ ನರದಲ್ಲಿ, ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಸಂದೇಶ ತಡೆದು ನಿಲ್ಲಬಹುದು. ಮೈ ತಣ್ಣಗಾದರೆ ಮತ್ತೆ ಹರಿಯುತ್ತದೆ. ಹೊಸದಾಗಿ ಏನೂ ಹಾಳಾಗಿರುವುದಿಲ್ಲ.

ಇದನ್ನು ನಾನು ಕಲಿತದ್ದು ಒಬ್ಬರಿಗೆ ತೊಂದರೆ ಕೊಟ್ಟ ಮೇಲೆ. ಆಗ ಕೆಲಸಕ್ಕೆ ಹೊಸಬಳು. ಶಿರಾ ಕಡೆಯಿಂದ ಒಬ್ಬರು ಶಾಲಾ ಟೀಚರ್ ಬರುತ್ತಿದ್ದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ನನ್ನ ಕೋಣೆಗೆ ಆಗ ಶೀಟಿನ ಮಾಡು. ಹುರುಪಿನಲ್ಲಿ ನಲವತ್ತು ನಿಮಿಷ ಬಿಡದೆ ಮಾಡಿಸಿದೆ. ಏಳಲು ಹೋದಾಗ ಅವರ ಎರಡೂ ಕಾಲು ಕುಸಿದವು. ಕಣ್ಣು ಮಂಜು ಅಂದರು. ಮನೆಯವರು ಹೆದರಿ ಅಂದೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಸಂಜೆ ಗಾಳಿಗೆ, ನೆಲಮಂಗಲ ದಾಟುವ ಹೊತ್ತಿಗೆ ಅವರು ಮೊದಲಿನ ಹಾಗೇ ಆಗಿದ್ದರು. ಆದರೆ ಆ ಐದಾರು ಗಂಟೆ ಆ ಮನೆಯವರು ಪಟ್ಟ ಭಯ ನನ್ನಿಂದ ಬಂದದ್ದು. ಅವರು ಮತ್ತೆ ನನ್ನ ಹತ್ತಿರವೇ ಬಂದರು. ಆವತ್ತಿನಿಂದ ಮಾರ್ಚ್‌ನಿಂದ ಮೇ ಕೊನೆವರೆಗೆ ಎಂಎಸ್ ಇರುವವರಿಗೆ ಬೆಳಿಗ್ಗೆ ಏಳರಿಂದ ಒಂಬತ್ತರ ಸಮಯವನ್ನು ಮಾತ್ರ ಕೊಡುತ್ತೇನೆ.

ತಣ್ಣಗೆ ಮಾಡಿಕೊಳ್ಳುವ ದಾರಿಯೂ ಊರಿಗೆ ತಕ್ಕಂತೆ ಬೇರೆ. ವಿದೇಶದ ಪುಸ್ತಕಗಳು ಐಸ್ ಪ್ಯಾಕ್ ಇರುವ ಜಾಕೆಟ್ ಹಾಕಿ ಅನ್ನುತ್ತವೆ. ಒಳ್ಳೆಯದೇ, ಆದರೆ ಬೆಲೆ ಜಾಸ್ತಿ, ಐಸ್‌ಗೆ ಕರೆಂಟ್ ಬೇಕು. ನಮ್ಮ ಪಾವಗಡ, ಮಧುಗಿರಿ, ಶಿರಾದ್ದು ಒಣ ಬಿಸಿಲು. ಇಲ್ಲಿ ನೀರು ಬೇಗ ಆರುತ್ತದೆ. ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಕತ್ತಿಗೆ, ಹೆಗಲಿಗೆ ಒದ್ದೆ ಹತ್ತಿ ಟವಲ್ ಹೊದ್ದು ಫ್ಯಾನ್ ಮುಂದೆ ಕೂತರೆ ನಿಜವಾಗಲೂ ಕೆಲಸ ಮಾಡುತ್ತದೆ. ಇದೇ ಟವಲ್ ಮಂಗಳೂರಿನಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಅಲ್ಲಿ ಗಾಳಿಯಲ್ಲೇ ನೀರಿದೆ, ಬಟ್ಟೆ ಆರುವುದೇ ಇಲ್ಲ. ವ್ಯಾಯಾಮಕ್ಕೆ ಮೊದಲು ತಣ್ಣೀರಿನ ಸ್ನಾನ ಮಾಡಿದರೆ ಇನ್ನೂ ಒಳ್ಳೆಯದು. ಮಡಕೆ ನೀರನ್ನು ಮಧ್ಯೆ ಮಧ್ಯೆ ಕುಡಿಯಿರಿ.

ಹಬ್ಬದ ದಿನ ಹಂಡೆ ನೀರಿನ ಅಭ್ಯಂಜನ ಹುಷಾರು. ಎಂಆರ್‌ಐ ಬರುವ ಮೊದಲು ಎಂಎಸ್ ಇದೆಯೋ ಇಲ್ಲವೋ ನೋಡಲು ಡಾಕ್ಟರುಗಳು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ನಮ್ಮ ಬಚ್ಚಲಲ್ಲಿ ನಾವೇ ಆ ಪರೀಕ್ಷೆ ಮಾಡಿಕೊಂಡಂತೆ ಆಗುತ್ತದೆ. ಉಗುರು ಬೆಚ್ಚಗಿನ ನೀರು ಸಾಕು. ಬಾಗಿಲ ಚಿಲಕ ಹಾಕಬೇಡಿ.

ಬಿಸಿಲಿಗೆ ಆದದ್ದೋ, ನಿಜವಾದ ರಿಲ್ಯಾಪ್ಸೋ, ಹೇಗೆ ಗೊತ್ತಾಗುತ್ತೆ?

ತಣ್ಣಗಾದ ಮೇಲೆ, ಮಲಗಿ ಎದ್ದ ಮೇಲೆ ಸರಿಹೋದರೆ ಬಿಸಿಲಿನದು. ಹೊಸ ತೊಂದರೆ 24 ಗಂಟೆ ಮೀರಿ ಉಳಿದರೆ, ಜ್ವರ ಅಥವಾ ಸೋಂಕು ಇಲ್ಲದಿದ್ದರೆ, ಅದು ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳಿದ್ದು ಇರಬಹುದು, ಡಾಕ್ಟರಿಗೆ ಫೋನ್ ಮಾಡಿ. ಮೂತ್ರದ ಸೋಂಕಿನ ಜ್ವರವೂ ಹಳೆಯ ತೊಂದರೆಗಳನ್ನು ಎಬ್ಬಿಸುತ್ತದೆ. ರಿಲ್ಯಾಪ್ಸ್‌ಗೆ ಸ್ಟೀರಾಯ್ಡ್ ಕೊಡುತ್ತಿರುವ ದಿನಗಳಲ್ಲಿ ಬಲದ ವ್ಯಾಯಾಮ ಬೇಡ. ಕೀಲು ಆಡಿಸಿ, ಮಗ್ಗುಲು ಬದಲಿಸಿ ಸಾಕು. ಆಮೇಲೆ ಬಿಟ್ಟ ಜಾಗದಿಂದ ಅಲ್ಲ, ಇನ್ನೂ ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಬೇಕು.

ವಿಡಿಯೋಗಳಲ್ಲಿ ಎಲ್ಲಾ ಕುರ್ಚಿ ಮೇಲೆ ಕೂತು ಮಾಡುತ್ತಾರೆ. ನಾವು ನೆಲದ ಮೇಲೆ ಕೂರುವವರು.

ಈ ಪ್ರಶ್ನೆ ಕೇಳಿದ ಅಜ್ಜಿಗೆ ನಾನು ಕೈ ಮುಗಿಯಬೇಕು. ಅವರು ಕೇಳುವ ತನಕ ನಾನೂ ಕುರ್ಚಿಯ ಲೆಕ್ಕದಲ್ಲೇ ಇದ್ದೆ. ಪಾಶ್ಚಾತ್ಯ ದೇಶಗಳ ಪರೀಕ್ಷೆಗಳನ್ನು ನೋಡಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ನಮ್ಮವರು ಊಟಕ್ಕೆ ನೆಲಕ್ಕೆ ಕೂರುತ್ತಾರೆ, ಮದುವೆ ಮನೆಯಲ್ಲಿ ಚಾಪೆ ಮೇಲೆ ಕೂರುತ್ತಾರೆ, ದೇವಸ್ಥಾನದಲ್ಲಿ ಕಟ್ಟೆ ಮೇಲೆ ಕೂರುತ್ತಾರೆ. ನೆಲದಿಂದ ಏಳಲು ಆಗದವರು ನಿಧಾನವಾಗಿ ಇವೆಲ್ಲದರಿಂದ ಹಿಂದೆ ಸರಿಯುತ್ತಾರೆ. ಕಾಲಿಗಿಂತ ಮೊದಲು ಮನಸ್ಸು ಸೋಲುವುದು ಅಲ್ಲಿ.

ನೆಲದ ಬದುಕಿನಲ್ಲಿ ಲಾಭವೂ ಇದೆ. ಎಂಎಸ್‌ನಲ್ಲಿ ತೊಡೆಯ ಒಳಭಾಗ ಬಿಗಿದುಕೊಳ್ಳುತ್ತದೆ, ಕಾಲು ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡ ಬರುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಅದೇ ಸ್ನಾಯು ಹಿಗ್ಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಮೀನಖಂಡ ಹಿಗ್ಗುತ್ತದೆ. ಬೇರೆ ದೇಶದವರು ಹೊತ್ತು ಮಾಡಿಕೊಂಡು ಮಾಡುವುದು ನಮಗೆ ಕೂತಲ್ಲೇ ಸಿಗುತ್ತದೆ. ಹಾಗಂತ ತುಂಬಾ ಹೊತ್ತು ಬೇಡ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಹೂ ಬಿಡಿಸಿದರೆ, ಕಳೆ ಕಿತ್ತರೆ, ಮಂಡಿಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿಕೊಂಡು ಪಾದ ಜೋತು ಬೀಳಬಹುದು. ಮೊದಲೇ ಪಾದ ಎಳೆಯುವವರಿಗೆ ಇದು ದೊಡ್ಡ ಪೆಟ್ಟು. ಹತ್ತು ನಿಮಿಷಕ್ಕೊಮ್ಮೆ ಏಳಿ.

ಏಳುವುದನ್ನು ನಾನು ಹೀಗೆ ಕಲಿಸುತ್ತೇನೆ. ಮೊದಲು ಒಂದು ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬನ್ನಿ. ಗೋಡೆ ಅಥವಾ ಅಲುಗಾಡದ ಮಂಚ ಹಿಡಿದು, ಬಲವಿರುವ ಕಾಲನ್ನು ಮುಂದೆ ಇಡಿ. ಎರಡು ಉಸಿರು ನಿಲ್ಲಿ. ಆಮೇಲೆ ಏಳಿ. ಪ್ಲಾಸ್ಟಿಕ್ ಕುರ್ಚಿ ಹಿಡಿಯಬೇಡಿ, ಅದು ಜಾರುತ್ತದೆ. ನೆಲದಿಂದ ಆಗದಿದ್ದರೆ ಮಣೆಯಿಂದ ಶುರು ಮಾಡಿ. ಎರಡು ಮಣೆ, ಆಮೇಲೆ ಒಂದು, ಆಮೇಲೆ ನೆಲ.

ಟಾಯ್ಲೆಟ್ ವಿಷಯವನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾನೇ ಕೇಳುತ್ತೇನೆ. ನೆಲದ ಕಕ್ಕಸು ಇದ್ದರೆ ಗೋಡೆಗೆ ಒಂದು ಗಟ್ಟಿ ಕಬ್ಬಿಣದ ಹಿಡಿ ಹಾಕಿಸಿ. ಅದರ ಮೇಲಿಡುವ ತೂತಿನ ಸ್ಟೂಲ್ ಕೂಡ ಸಿಗುತ್ತದೆ. ಬೀಳುವುದು ಅತಿ ಹೆಚ್ಚು ಅಲ್ಲೇ.

ಕಾಲು ಸೆಟೆದುಕೊಳ್ಳುತ್ತದೆ. ಪೂರ್ತಿ ಸಡಿಲ ಮಾಡಿಬಿಡಿ ಮೇಡಂ.

ಪೂರ್ತಿ ಬೇಡ. ಕೆಲವರು ಆ ಬಿಗಿತದ ಬಲದಿಂದಲೇ ನಿಂತಿರುತ್ತಾರೆ. ಅದನ್ನು ತೆಗೆದರೆ ಕುಸಿಯುತ್ತಾರೆ. ಬಿಗಿತ ಕಡಿಮೆ ಮಾಡುವ ಬ್ಯಾಕ್ಲೋಫೆನ್ ಮಾತ್ರೆ ತೆಗೆದುಕೊಂಡ ಮೇಲೆ ಕಾಲು ಸೋತಂತೆ ಅನಿಸಿದರೆ ನಿಮ್ಮ ಡಾಕ್ಟರಿಗೆ ಹೇಳಿ. ನೀವಾಗಿ ನಿಲ್ಲಿಸಬೇಡಿ, ಬ್ಯಾಕ್ಲೋಫೆನ್ ಒಮ್ಮೆಲೇ ಬಿಟ್ಟರೆ ಅಪಾಯ.

ಕರೆಂಟ್ ಮೆಷಿನ್ ಇಡಿಸಿದರೆ ನರ ಎಚ್ಚರ ಆಗುತ್ತಂತೆ. ಮೇಣದ ಶಾಖ, ಎಣ್ಣೆ ತಿಕ್ಕುವುದು?

ಬ್ರಿಟನ್ನಿನ ಸಾಧನದ ಬಗ್ಗೆ ಮೇಲೆ ಹೇಳಿದೆ. ಅದು ನಡೆಯುವಾಗ, ಹಿಮ್ಮಡಿ ಎತ್ತಿದ ಕ್ಷಣದಲ್ಲಿ ಪಾದವನ್ನು ಮೇಲೆತ್ತುತ್ತದೆ. ಇಲ್ಲಿ ಬಹಳ ಕಡೆ ಮಲಗಿಸಿ ಹದಿನೈದು ನಿಮಿಷ ಕರೆಂಟ್ ಕೊಡುತ್ತಾರೆ. ಎರಡರಲ್ಲೂ ಕರೆಂಟ್ ಇದೆ, ಆದರೆ ಕೆಲಸ ಬೇರೆ. ಸುಮ್ನೆ ಮಲಗಿ ತೆಗೆದುಕೊಂಡ ಕರೆಂಟ್ ನಡಿಗೆಯನ್ನು ಕಲಿಸುವುದಿಲ್ಲ. ಅದಕ್ಕೆ ಕೊಡುವ ದುಡ್ಡನ್ನು ಮನೆಗೆ ಬಂದು ನೋಡುವ ಫಿಸಿಯೋಗೆ ಕೊಡಿ ಅನ್ನುತ್ತೇನೆ.

ಶಾಖ ಬೇಡವೇ ಬೇಡ. ಮೈ ಬಿಸಿಯಾಗುವುದು ಒಂದು ತೊಂದರೆ. ಎಂಎಸ್‌ನಲ್ಲಿ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟರೂ ತಿಳಿಯುವುದಿಲ್ಲ ಅನ್ನುವುದು ಅದಕ್ಕಿಂತ ದೊಡ್ಡದು. ಮರಳಿನ ಗಂಟು, ಬಿಸಿನೀರಿನ ಚೀಲದಿಂದ ಬೊಬ್ಬೆ ಎದ್ದ ಕಾಲುಗಳನ್ನು ನೋಡಿ ಕಣ್ಣೀರು ಬಂದಿದೆ. ಎಣ್ಣೆಯನ್ನು ಬಿಸಿ ಮಾಡದೆ, ಮೆಲ್ಲಗೆ ಹಚ್ಚಿ. ಮುಟ್ಟುವ ಕೈಯಿಂದ ಸಿಗುವ ಸಮಾಧಾನಕ್ಕೆ ನನ್ನ ತಕರಾರಿಲ್ಲ. ಹಚ್ಚಿದ ಕಾಲಲ್ಲಿ ಟೈಲ್ಸ್ ನೆಲದ ಮೇಲೆ ನಡೆಯಬೇಡಿ.

ಪಾದದ ಸ್ಪ್ಲಿಂಟ್ ಕೊಟ್ಟಿದ್ದಾರೆ. ಮನೆಯೊಳಗೆ ಚಪ್ಪಲಿ ಹಾಕೋ ಹಾಗಿಲ್ಲವಲ್ಲ?

ಇದು ಶೂ ಹಾಕಿಕೊಂಡೇ ಮನೆಯೊಳಗೆ ಓಡಾಡುವ ದೇಶದಿಂದ ಬಂದ ಸಾಧನ. ಪಾದ ಜೋತು ಬೀಳದಂತೆ ಹಿಡಿಯುವ, ಎಎಫ್‌ಒ ಅನ್ನುವ ಆ ಪ್ಲಾಸ್ಟಿಕ್ ಸ್ಪ್ಲಿಂಟ್ ಶೂ ಒಳಗೆ ಕೂರಬೇಕು. ಬರಿಗಾಲಿಗೆ ಹಾಕಿ ಟೈಲ್ಸ್ ಮೇಲೆ ನಡೆದರೆ ಜಾರುತ್ತದೆ. ಹವಾಯಿ ಚಪ್ಪಲಿಯಂತೂ ಪಾದ ಎಳೆಯುವವರ ಶತ್ರು. ನಾನು ಹೇಳುವುದು, ಹಿಂದೆ ಪಟ್ಟಿ ಇರುವ ಒಂದು ಜೊತೆ ಹೊಸ ಸ್ಯಾಂಡಲ್ ತಂದು ಮನೆಯೊಳಗೆ ಮಾತ್ರ ಬಳಸಿ. ಹೊರಗೆ ಮೆಟ್ಟದ ಚಪ್ಪಲಿಗೆ ಮೈಲಿಗೆ ಇಲ್ಲ ಅಂತ ಹಿರಿಯರಿಗೆ ಮೊದಲೇ ವಿವರಿಸಿ. ಒಬ್ಬ ಅತ್ತೆ ತಾವೇ ಅಂಗಡಿಗೆ ಹೋಗಿ ಸೊಸೆಗೆ ತಂದುಕೊಟ್ಟರು. ದೇವರ ಮನೆ ಬಾಗಿಲಲ್ಲಿ ಒಂದು ಸ್ಟೂಲ್ ಇಟ್ಟರು, ಕೂತೇ ಕೈಮುಗಿಯಲಿ ಅಂತ.

ಬೆಂಗಳೂರಿಗೆ ವಾರಕ್ಕೆ ಮೂರು ಸಲ ಹೋಗಬೇಕಾ?

ತುಮಕೂರಿನಿಂದ 70 ಕಿಲೋಮೀಟರ್. ಹೋಗಿ ಬರುವುದರಲ್ಲೇ ಆ ದಿನದ ಶಕ್ತಿ ಮುಗಿಯುತ್ತದೆ. ಎಂಎಸ್‌ನ ಸುಸ್ತು ನಮ್ಮ ನಿಮ್ಮ ಸುಸ್ತಿನ ಹಾಗಲ್ಲ, ಬ್ಯಾಟರಿ ಕಿತ್ತ ಹಾಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ದೊಡ್ಡ ಕೇಂದ್ರದಲ್ಲಿ ಪರೀಕ್ಷೆ, ವಾರಕ್ಕೋ ಹದಿನೈದು ದಿನಕ್ಕೋ ಊರಿನ ಫಿಸಿಯೋ, ದಿನಾ ಮನೆಯಲ್ಲಿ. ಇದು ನಾನು ಹೇಳುವ ಲೆಕ್ಕ. ನಿಮ್ಹಾನ್ಸ್‌ನಲ್ಲಿ ನರರೋಗದವರಿಗೆ ಪುನಶ್ಚೇತನ ವಿಭಾಗವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆ ಇದೆ. ಅಲ್ಲಿ ನಿಮ್ಮಂತೆಯೇ ಇರುವವರ ಜೊತೆ ಮಾತಾಡಲು ಸಿಗುತ್ತದೆ. ಊರಲ್ಲಿ ನಿಮಗೊಬ್ಬರಿಗೇ ಈ ಕಾಯಿಲೆ ಇರುವಾಗ ಆ ಮಾತಿಗೆ ತುಂಬಾ ಬೆಲೆ ಇದೆ. ಕೋಲಾರ, ಚಿಕ್ಕಬಳ್ಳಾಪುರದವರು ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲಿ ಮೊದಲು ವಿಚಾರಿಸಿ. ರಾಜ್ಯದ ಬ್ರೈನ್ ಹೆಲ್ತ್ ಯೋಜನೆ ಮೊದಲು ಶುರುವಾದ ಜಿಲ್ಲೆಗಳಲ್ಲಿ ಅವೂ ಇದ್ದವು.

ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ನನ್ನ ಹತ್ತಿರ ಬರುವುದನ್ನು ಬಿಟ್ಟಿದ್ದವರು ಮತ್ತೆ ಬಂದದ್ದು ಆ ಮೇಲೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಅದಕ್ಕೇ ನನ್ನ ಕೋಣೆಯಲ್ಲಿ ಅಷ್ಟೇ ಎತ್ತರದ ಮರದ ಮೆಟ್ಟಿಲು ಮಾಡಿಸಿಟ್ಟಿದ್ದೇನೆ. ಏರುವಾಗ ಬಲವಿರುವ ಕಾಲು ಮೊದಲು, ಇಳಿಯುವಾಗ ಬಲ ಕಡಿಮೆ ಇರುವ ಕಾಲು ಮೊದಲು. ಇನ್ನೊಂದು ಮಾತು. ಬಸ್ಸಿನಲ್ಲಿ ಮೂತ್ರದ ಅವಸರ ಆಗುತ್ತದೆ ಅಂತ ಹಿಂದಿನ ರಾತ್ರಿಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಕುಡಿಯದಿದ್ದರೆ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಕಾಲು ಸೋಲುವುದು. ಮೂತ್ರ ಹಿಡಿಯುವ ಸ್ನಾಯುಗಳಿಗೂ ವ್ಯಾಯಾಮ ಇದೆ. ನಾಚಿಕೆ ಬಿಟ್ಟು ಕೇಳಿ.

ಯೋಗ ಮಾಡಬಹುದಾ?

ಮಾಡಬಹುದು. ಬೆಳಗಿನ ಜಾವ, ಗೋಡೆ ಪಕ್ಕ, ನಿಧಾನಕ್ಕೆ. ವೇಗದ ಸೂರ್ಯ ನಮಸ್ಕಾರ ಮೈ ಬಿಸಿ ಮಾಡುತ್ತದೆ, ತಲೆ ಸುತ್ತುವವರಿಗೆ ಬೇಡ.

ಸುಧಾರಿಸುತ್ತಿದ್ದೇನೋ ಇಲ್ಲವೋ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಜಗತ್ತಿನಲ್ಲೆಲ್ಲ ಎಂಎಸ್‌ಗೆ ಬಳಸುವ ಒಂದು ಸುಲಭ ಪರೀಕ್ಷೆ ಇದೆ. 25 ಅಡಿ ನಡೆಯುವುದು. ಜಗಲಿಯಲ್ಲೋ ಮನೆ ಮುಂದಿನ ರಸ್ತೆಯಲ್ಲೋ ಅಳೆದು ಸೀಮೆಸುಣ್ಣದ ಗೆರೆ ಹಾಕಿ. ಬೀಳದಂತೆ, ಆದಷ್ಟು ಬೇಗ ನಡೆಯಿರಿ. ಮನೆಯವರು ಮೊಬೈಲಿನಲ್ಲಿ ಸೆಕೆಂಡ್ ನೋಡಲಿ. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ ಮಾಡಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಬೆಳಿಗ್ಗೆಯದನ್ನು ಮಧ್ಯಾಹ್ನದ್ದಕ್ಕೆ ಹೋಲಿಸಬೇಡಿ. ಹತ್ತು ಸೆಕೆಂಡ್ ಇದ್ದದ್ದು ಹನ್ನೆರಡಾದರೆ, ಅಂದರೆ ಶೇಕಡಾ 20ರಷ್ಟು ಬದಲಾದರೆ, ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಆ ಕ್ಯಾಲೆಂಡರ್ ಹಾಳೆಯನ್ನು ಹರಿದು ಡಾಕ್ಟರ್ ಹತ್ತಿರ ತೆಗೆದುಕೊಂಡು ಹೋಗಿ. ಬೆಂಗಳೂರಿನವರಿಗೂ ನನಗೂ ಅದು ಒಂದೇ ಭಾಷೆ.

ಅಂಗವಿಕಲರ ಕಾರ್ಡ್ ಸಿಗುತ್ತಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಅಂಗವೈಕಲ್ಯ ಇರಬೇಕು. ಪರೀಕ್ಷೆಗೆ ಹೋಗುವಾಗ ಎಂಆರ್‌ಐ ವರದಿ, ಡಾಕ್ಟರ್ ಚೀಟಿ, ಆ ಕ್ಯಾಲೆಂಡರ್ ಹಾಳೆ ಎಲ್ಲವೂ ಇರಲಿ. ನೀವು ಚೆನ್ನಾಗಿರುವ ಬೆಳಗ್ಗೆ ಒಂದನ್ನೇ ನೋಡಿ ಯಾರೂ ತೀರ್ಮಾನ ಮಾಡದಿರಲಿ.

ಎರಡು ಹಸು ಇವೆ. ಹಾಲು ಕರೆಯಬಹುದಾ?

ಗುಬ್ಬಿ ಕಡೆಯ ಒಬ್ಬರು ಅಕ್ಕ ಕೇಳಿದ್ದು. ಮೊದಲ ಸಲ ಬಂದಾಗ ಅವರು ಕೇಳಿದ್ದು ಇದೊಂದನ್ನೇ. ನಡಿಗೆ, ಕಣ್ಣು, ಮದ್ದು ಯಾವುದೂ ಅಲ್ಲ.

ಕರೆಯಬಹುದು. ಡೈರಿಗೆ ಹಾಲು ಹಾಕುವ ಹೊತ್ತು ಬೆಳಿಗ್ಗೆ ಮತ್ತು ಸಂಜೆ, ಎರಡೂ ತಂಪಿನ ಹೊತ್ತು. ಅದು ನಿಮಗೆ ಅನುಕೂಲ. ಕುಕ್ಕರಗಾಲು ಬೇಡ, ಒಂದು ಅಡಿ ಎತ್ತರದ ಅಗಲ ಮಣೆ ಮಾಡಿಸಿಕೊಳ್ಳಿ. ಸಾಧು ಹಸುವನ್ನು ನೀವು ಕರೆಯಿರಿ, ಒದೆಯುವುದನ್ನು ಮನೆಯವರಿಗೆ ಬಿಡಿ. ಎರಡು ನಿಮಿಷಕ್ಕೊಮ್ಮೆ ಬೆರಳು ಬಿಚ್ಚಿ ಅಗಲಿಸಿ. ಕೊಟ್ಟಿಗೆ ನೆಲ ಒಣಗಿರಲಿ. ತುಂಬಿದ ಕ್ಯಾನ್ ಎತ್ತುವುದು ಮಗನ ಕೆಲಸ.

ನನ್ನ ಹತ್ತಿರ ಇರುವ ಅಚ್ಚಾದ ಫಾರಂನಲ್ಲಿ ದಿನದ ಕೆಲಸ ಅಂತ ಒಂದು ಪಟ್ಟಿ ಇದೆ. ಅಂಗಡಿಗೆ ಹೋಗುವುದು, ಮೆಟ್ಟಿಲು ಹತ್ತುವುದು, ಕಾರಿನಿಂದ ಇಳಿಯುವುದು. ಅದರ ಕೆಳಗೆ ಪೆನ್ನಿನಲ್ಲಿ ಬರೆದೆ: ಹಸು, ಬೆಳಿಗ್ಗೆ ಒಂದು, ಸಂಜೆ ಒಂದು. ಮೂರು ವಾರ ಬಿಟ್ಟು ಬಂದಾಗ ಆ ಅಕ್ಕ ಪಕ್ಕದಲ್ಲಿ ತಾವೇ ಟಿಕ್ ಹಾಕಿದರು.